ಕಲ್ಲಿಗೆ ಏಳು ಕೈ, ಮಾರಿಗೆ ಒಂದು

ಇಳಕಲ್ಲಿನ ಕೆಂಪು ಕಲ್ಲಿಗೆ ನಾವು ಏಳು ಕೈ ಪಾಲಿಶ್ ಹೊಡಿತೀವಿ.
ಮೊದಲ ಕೈ ಉರುಟು, ಹಲ್ಲು ಕಡಿಯೂ ಸಪ್ಪಳ.
ಆಮ್ಯಾಲ ಸಣ್ಣ ಆಗಕೋತ, ಸಣ್ಣ ಆಗಕೋತ
ಕಡೀ ಕೈ ಬರೇ ನೀರು, ಬಟ್ಟಿ, ಸಬೂರಿ.
ಆಗ ಕಲ್ಲಿನ್ಯಾಗ ಟ್ಯೂಬಲೈಟ್ ಕಾಣತೈತಿ,
ಶೆಡ್ಡಿನ ತಗಡು ಕಾಣತೈತಿ,
ಬಗ್ಗಿ ನೋಡಿದ್ರ ಒಂದು ಮಾರಿ.
ಇಪ್ಪತ್ತೆರಡು ವರ್ಷ ಅದನ್ನ
ಕಲ್ಲಿನ ಕಲಿ ಅಂತ ತಿಳಕೊಂಡು
ಮತ್ತೊಮ್ಮೆ ಒರಸಿ ಲಾರಿಗೆ ಹಾಕೀನಿ.

ಮಾರಿಗೆ ನನಗ ಗೊತ್ತಿದ್ದದ್ದು ಒಂದ ಕೈ:
ಸಂಜೀಕ ಹೌದಿನ ಕಟ್ಟಿಗೆ ನಿಂತು
ಅರವಿ ಒಗಿಯೂ ಸಾಬಾಣ,
ತೆಂಗಿನ ನಾರು,
ಗರಗರ.
ಚರ್ಮ ಬಿಗದು ಹಲಗಿ ಆದ್ರ ಸ್ವಚ್ಛ ಆತು ಅಂತ ಲೆಕ್ಕ.

ಕೆನ್ನಿ ಬಿರಕು ಬಿಟ್ಟು, ಹುಬ್ಬಿನ ನಡುವ ಹೊಟ್ಟು ಉದುರಿ,
ಗಡ್ಡದ ಬುಡಕ್ಕ ತುರಿಕಿ ಎದ್ದಾಗ
ಬಾಗಲಕೋಟಿ ದವಾಖಾನಿಗೆ ಹೋದೆ.
ಡಾಕ್ಟರ್ ಬಾಯಾರು ಗದ್ದ ಹಿಡದು ಬೆಳಕಿಗೆ ತಿರಿವಿ
"ಏನು ಹಚ್ಚತೀರಿ?" ಅಂದ್ರು.
"ಏನೂ ಹಚ್ಚಂಗಿಲ್ರಿ, ಗಂಡಸರು" ಅಂದೆ.
ಅವರು ನಗಲಿಲ್ಲ. ಚೀಟಿ ಹಿಂದ ಬರದ್ರು:
ಮುಂಜಾನಿ ಬರೇ ಕೈಲೆ ತೊಳೀರಿ, ಮೆತ್ತನ ಸಾಬಾಣ.
ಟವೆಲ್ ಒತ್ತರಿ, ತಿಕ್ಕಬ್ಯಾಡ್ರಿ.
ಹಸಿ ಇದ್ದಾಗನ ಕ್ರೀಮು, ಹೊರಗ ಹೋಗೂಮುಂದ ಬಿಸಿಲಿನ ಕ್ರೀಮು.
ರಾತ್ರಿ ಮತ್ತ ತೊಳೀರಿ, ಮತ್ತ ಕ್ರೀಮು.
ಅಷ್ಟ.

ಬಿಸಿಲಿನ ಟ್ಯೂಬಿಗೆ ಅರ್ಧ ದಿನದ ಪಗಾರ ಹೋತು.
ದಾವಲಸಾಬ ನೋಡಿದ್ರ "ಏನಲೇ ಮದಲಿಂಗ" ಅಂತಾನ,
ಅದಕ್ಕ ಮನ್ಯಾಗ ಗ್ರೀಸಿನ ಡಬ್ಬಿ ಹಿಂದ ಮುಚ್ಚಿಟ್ಟೆ.
ಒಮ್ಮೆ ಕರೆಂಟ್ ಹೋದಾಗ ಗ್ರೀಸನ್ನ ಹಚಗೊಂಡೆ.
ಅದನ್ನ ಯಾರಿಗೂ ಹೇಳಿಲ್ಲ.

ಮೊದಲ ವಾರ ಕೈಗೆ ಮಾರಿ ಗುರುತು ಹತ್ತಲಿಲ್ಲ.
ಬೆರಳಿಗೆ ಕಲ್ಲಿನ ರೂಢಿ:
ಉಬ್ಬು ಸಿಕ್ಕರ ತಗೀಬೇಕು, ತಗ್ಗು ಸಿಕ್ಕರ ತುಂಬಬೇಕು.
ಇಲ್ಲಿ ಉಬ್ಬು ಅಂದ್ರ ಕೆನ್ನಿ ಎಲುಬು,
ತಗ್ಗು ಅಂದ್ರ ಕಣ್ಣಿನ ಕೆಳಗ ನಿದ್ದಿಗೆಟ್ಟ ಜಾಗ.
ಹುಬ್ಬಿನ ಮ್ಯಾಲೊಂದು ಗಾಯ,
ಚಕ್ಕಿ ಸಿಡದದ್ದು, ಯಾವ ವರ್ಷನೋ.
ತಗೀಲಿಕ್ಕ ಬರಂಗಿಲ್ಲ, ತುಂಬಲಿಕ್ಕ ಬರಂಗಿಲ್ಲ.
ಬೆರಳು ಸುಮ್ನ ಹಾದು ಹೋಗಬೇಕು
ಹಾಲಿನ ಕೆನಿ ಹರೀದಂಗ.

ಮೊನ್ನೆ ನಸುಕಿನ್ಯಾಗ ಬಚ್ಚಲದಿಂದ ಸಪ್ಪಳ.
ಹದಿನೇಳರ ಹುಡುಗ ಯಮನೂರ
ಮೊಡವಿ ಮ್ಯಾಲ ಸಿಟ್ಟಾಗಿ, ನನ್ನದ ನಾರು ಹಿಡದು
ಗರಗರ ತಿಕ್ಕಾಕತ್ತಾನ.
ಕನ್ನಡ್ಯಾಗ ಕೆಂಪು ಕಲ್ಲು.
ಉರುಟು ಕೈ. ನಾನ ಕಲಿಸಿದ ಕೈ.

"ಬಿಡೋ" ಅಂದೆ, ನಾರು ಕಸಗೊಂಡೆ.
ಅಪ್ಪ ಮಗನ ಮಾರಿ ತೊಳಿಯೂ ವಯಸ್ಸಲ್ಲ ಅದು,
ಇಬ್ಬರಿಗೂ ನಾಚಿಕಿ.
ಅದಕ್ಕ ನಾ ನನ್ನ ಮಾರಿ ತೊಳದೆ, ಅವ ನೋಡಿದ.
ನಾ ಟವೆಲ್ ಒತ್ತಿದೆ, ಅವ ಒತ್ತಿದ.
ಅವನ ಅಂಗೈಯಾಗ ಕಡ್ಲಿಕಾಳಷ್ಟು ಕ್ರೀಮು ಹಾಕಿದೆ.
"ಇಷ್ಟ ಏನು?"
"ಇಷ್ಟ."

ಈಗ ಟ್ಯೂಬು ಬಚ್ಚಲ ಗೂಡಿನ್ಯಾಗ, ಬೆಳಕಿನ್ಯಾಗ ಐತಿ.
ನಾ ಬುಡದಿಂದ ಹಿಂಡತೀನಿ, ಅವ ನಡುವ ಹಿಂಡತಾನ,
ತಿಂಗಳ ಬರೂದು ಹದಿನೆಂಟು ದಿನಕ್ಕ ತೀರತೈತಿ.
ಅದಕ್ಕ ದಿನಾ ಜಗಳ.

ನಿನ್ನೆ ಚಹಾದ ಹೊತ್ತಿಗೆ ದಾವಲಸಾಬ
ನನ್ನ ಬಾಜೂಕ ಬಂದು ಕುಂತು,
ಕಲ್ಲಿನ ಪುಡಿ ತುಂಬಿದ ಮಾರಿ ಆಕಡೆ ಈಕಡೆ ಹೊಳ್ಳಿಸಿ,
ಯಾರೂ ಇಲ್ಲಂತ ಖಾತ್ರಿ ಮಾಡಕೊಂಡು
ಸಣ್ಣ ದನಿಲೆ ಕೇಳಿದ:
"ಯಾವ ಕಂಪನೀದೋ ಅದು?"