ಅಂಕ ಹಾಕುವವನು ಆರ್ವೋ

ಗುರುವಾರ ಸಂಜೆ ಆರಕ್ಕೆ
ಮಾರ್ಲಿಸಳ ಹಳೇ ವ್ಯಾನು ನನ್ನ ಬಾಗಿಲಲ್ಲಿ ಎರಡು ಸಲ ಕೆಮ್ಮುತ್ತದೆ.
ಹಿಂದಿನ ಸೀಟಿನಲ್ಲಿ ಡುವೇನ್, ಕೈ ಉಜ್ಜಿಕೊಳ್ಳುತ್ತ.
ದಿನವಿಡೀ ಊರವರ ಮೋರಿಗಳಲ್ಲಿ ತೋಳಿಟ್ಟವನು
ಮೂರು ಸಲ ಸೋಪು ಹಾಕಿ ಬಂದಿದ್ದಾನಂತೆ:
'ಬೇಕಾದರೆ ಮೂಸಿ ನೋಡಿ!'
ಅಂದವನೇ ನಾಲಗೆ ಕಚ್ಚಿಕೊಳ್ಳುತ್ತಾನೆ.
ಪಕ್ಕದಲ್ಲೇ ಆರ್ವೋ ಕೂತಿದ್ದಾನಲ್ಲ.

ನಮ್ಮೂರು ಸುಪೀರಿಯರ್.
ಶ್ರೇಷ್ಠ ಅಂತ ಅರ್ಥ. ಹೆಸರು ನಾವಿಟ್ಟದ್ದಲ್ಲ,
ಸರೋವರದ್ದು, ಕಡ ತಂದದ್ದು.
ಜನವರಿಯಲ್ಲಿ ನೀರು ಕಲ್ಲಾಗಿ
ಅದಿರಿನ ಹಡಗುಗಳು ನಿಂತವೆಂದರೆ
ಬಾರುಗಳೇ ನಮ್ಮ ಬಂದರು.
ವಾರಕ್ಕೊಂದು ಬಾರು, ತಲೆಗೊಂದು ಬರ್ಗರು,
ಬಿಯರೂ ಸೇರಿ ಒಂಬತ್ತು ಡಾಲರು.
ಸುತ್ತು ಮುಗಿದರೆ ಮತ್ತೆ ಮೊದಲಿನಿಂದ.

ಮೂರು ಚಳಿಗಾಲದ ಹಿಂದೆ ಆರ್ವೋನಿಗೆ ಜ್ವರ ಬಂತು.
ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು.
ನಾಲಗೆಯ ಮೇಲೆ ಉಳಿದದ್ದು ಉಪ್ಪು, ಒಂಚೂರು ಸಿಹಿ,
ಮಿಕ್ಕದ್ದೆಲ್ಲ ಒದ್ದೆ ರಟ್ಟು.
ಇನ್ನು ಬರಲಾರ ಅಂದುಕೊಂಡೆವು.
ಬಂದ. ರೈಲ್ವೆ ಯಾರ್ಡಿನ ಹಳೇ ಲೆಕ್ಕದ ಪುಸ್ತಕ ಹಿಡಿದು,
ಕಿವಿಯಲ್ಲಿ ಮೋಟು ಪೆನ್ಸಿಲ್ ಸಿಕ್ಕಿಸಿಕೊಂಡು.
'ನೀವು ತಿನ್ನಿ, ಹೇಳಿ.
ಅಂಕ ಹಾಕುವವನು ನಾನು.'

'ಚೆನ್ನಾಗಿದೆ' ಅಂದರೆ ಪೆನ್ಸಿಲ್ ಕೆಳಗಿಡುತ್ತಾನೆ.
'ಚೆನ್ನಾಗಿರೋದು ಹವಾಮಾನ. ಇದಕ್ಕೆ ಬೇರೆ ಮಾತು ತಾ.'

ಮಾರ್ಲಿಸ್ ಕಣ್ಣು ಮುಚ್ಚುತ್ತಾಳೆ. ಶಾಲೆಯ ಬಸ್ಸು ಓಡಿಸುವವಳು,
ನಲವತ್ತು ಮಕ್ಕಳ ಗದ್ದಲದಲ್ಲಿ ಒಂದೇ ಅಳು ಹೆಕ್ಕಬಲ್ಲವಳು.
'ಅಂಚು ಕರಕಲು. ಅಕ್ಟೋಬರಿನಲ್ಲಿ ಎಲೆ ಸುಟ್ಟ ಹಾಗೆ.
ಒಳಗೆ ಮೆತ್ತಗೆ. ಕೊನೆಯಲ್ಲಿ ಸ್ವಲ್ಪ ತುಕ್ಕು.'
ಡುವೇನ್ ಮೊದಲು ನುಂಗಿ, ಆಮೇಲೆ ಯೋಚಿಸುತ್ತಾನೆ.
'ಈರುಳ್ಳಿ... ಇಡೀ ದಿನ ಜಗಳಾಡಿ
ಒಂದೇ ಹಾಸಿಗೆಯಲ್ಲಿ ನಿದ್ದೆಹೋದ ಅಣ್ಣತಮ್ಮಂದಿರು.'
ಆರ್ವೋ ತಲೆಯಾಡಿಸಿ ಬರೆದುಕೊಳ್ಳುತ್ತಾನೆ.

ನನ್ನ ಸರದಿ ಬಂದರೆ ಬೆವರು.
ನಾನು ಬಂದರಿನ ಕಣಜದಲ್ಲಿ ಗೋಧಿ ತೂಗುವವಳು.
ನನಗೆ ಟನ್ನು ಗೊತ್ತು, ಚಿಟಿಕೆ ಗೊತ್ತಿಲ್ಲ.
'ಚೀಸು ಜಾಸ್ತಿ' ಅನ್ನುತ್ತೇನೆ.
'ಎಷ್ಟು ಜಾಸ್ತಿ?'
'ನನಗೆ ಬೇಕಾದಷ್ಟು.'
ಅದಕ್ಕೂ ಅರ್ಧ ಅಂಕ ಸಿಕ್ಕಿತು, ಒಂದು ಸಲ.

ಹೋದ ವಾರ ಇಂಗಾ ಪಾಲ್ವಿಯ ಬಾರಿನಲ್ಲಿ
ಆರ್ವೋ ಎದ್ದು ಕಕ್ಕಸಿಗೆ ಹೋದಾಗ
ಪುಸ್ತಕ ಮೇಜಿನ ಮೇಲೇ ಉಳಿಯಿತು.
ನೋಡಬಾರದಿತ್ತು.
ನೋಡಿದೆ.

ವ್ಯಾಗನ್ ನಂಬರು, ಬಂದ ವೇಳೆ, ಬಿಟ್ಟ ವೇಳೆ ಅಂತ
ಅಚ್ಚಾದ ಕಂಬಸಾಲುಗಳಲ್ಲಿ
ನಮ್ಮ ಮಾತುಗಳೆಲ್ಲ ಸರತಿಯಲ್ಲಿ ನಿಂತಿದ್ದವು.
'ಮಾ: ಒದ್ದೆ ನಾಯಿಯ ವಾಸನೆ.
ಸುಳ್ಳಿರಬೇಕು. ಡು ಅವಳದನ್ನೂ ತಿಂದ.'
ಬಲತುದಿಯ ಖಾಲಿ ಪಟ್ಟಿಗೆ ಅವನೇ ಇಟ್ಟ ತಲೆಬರಹ,
ಒಂದೇ ಪದ: ಸದ್ದು.
ಅದರ ಕೆಳಗೆ ವಾರವಾರಕ್ಕೂ, ಯಾರನ್ನೂ ಕೇಳದೆ:
'ಕಾವಲಿ ಚುರ್ ಅಂದದ್ದು, ಏಳು.
ಉಪ್ಪಿನಲ್ಲಿಟ್ಟ ಸೌತೆ ಮುರಿದದ್ದು, ಒಂಬತ್ತು.
ಬನ್ನು ಏನೂ ಅನ್ನಲಿಲ್ಲ, ಸೊನ್ನೆ.
ಡುವೇನ್ ನುಂಗುವುದು, ಎರಡು, ಅದೂ ದಯೆಯಿಂದ.'

ಬಾಗಿಲು ಕಿರ್ ಅಂತು. ಪುಸ್ತಕ ಮುಚ್ಚಿದೆ.
ಬಂದು ಕೂತ, ಪೆನ್ಸಿಲ್ ನೆಕ್ಕಿದ, 'ಎಲ್ಲಿದ್ದೆವು?' ಅಂದ.

ಯಾರಿಗೂ ಹೇಳಿಲ್ಲ.
ಆದರೆ ಈ ಗುರುವಾರ ನಾನು
ಬಾಯಿ ತೆರೆದೇ ಅಗಿಯುತ್ತಿದ್ದೇನೆ,
ಕರುಕುರು, ಕರುಕುರು, ನಾಚಿಕೆಯಿಲ್ಲದೆ.
ಮಾರ್ಲಿಸ್ ಹುಬ್ಬೇರಿಸಿ ನೋಡುತ್ತಾಳೆ.
ಅಮ್ಮ ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದಳು.
ಆರ್ವೋ ತಲೆ ಎತ್ತದೆ
ಏನೋ ಗೀಚಿಕೊಳ್ಳುತ್ತಾನೆ.