ಚುಕ್ಕಿ ಗುರುತಿನ ಪ್ರಶ್ನೆ

ಆ ಪ್ರಶ್ನೆ ಬರೆದವನು ನಾನು.
ಕಪನೂರಿನ ದಾಲ್ ಮಿಲ್ಲಿನ ಆಫೀಸಿನಲ್ಲಿ,
ತೂಕದ ಚೀಟಿಯ ಬೆನ್ನಿಗೆ, ನೀಲಿ ಪೆನ್ನಿನಲ್ಲಿ:
ಹೊರದೇಶದ ತೊಗರಿ ಎಷ್ಟು ಬಂತು,
ಬಂದದ್ದು ನಮ್ಮ ತೊಗರಿಯೊಳಗೆ ಎಷ್ಟು ಬೆರೆಯಿತು,
ಬೆರೆತದ್ದನ್ನು ಗುರುತಿಸುವವರು ಯಾರು?

ಮೂರನೆಯದನ್ನು ಬರೆದು ಹೊಡೆದುಹಾಕಿದ್ದೆ.
ಸಂಸದರ ಪಿ.ಎ. ಬಂಡೆಪ್ಪ ಅದನ್ನು ಮತ್ತೆ ಬರೆದ.
"ಇರಲಿ ಬಿಡ್ರಿ ಸರ, ಒಂದೀಟು ಖಾರ ಇರಲಿ."

ಪ್ರಶ್ನೆ ದಿಲ್ಲಿಗೆ ಹೋಯಿತು. ಹೋಗುತ್ತ ಹೋಗುತ್ತ
ಇಸ್ತ್ರಿ ಹಾಕಿಸಿಕೊಂಡಿತು,
ನೆತ್ತಿಯ ಮೇಲೊಂದು ಚುಕ್ಕಿ ಇಡಿಸಿಕೊಂಡಿತು.
ನಮ್ಮ ಯಂತ್ರ ಕಾಳನ್ನು ಎರಡೇ ಹೋಳು ಮಾಡುತ್ತದೆ;
ಅಲ್ಲಿಯದು ಅ, ಆ, ಇ, ಈ ಎಂದು ನಾಲ್ಕು ಮಾಡಿತ್ತು.

ಬುಧವಾರ ಹನ್ನೊಂದಕ್ಕೆ ಮಾಲಕರು ಮಿಲ್ಲು ನಿಲ್ಲಿಸಲಿಲ್ಲ.
ಹೊಟ್ಟಿನ ಧೂಳು, ಬೆಲ್ಟಿನ ಸದ್ದು,
ಉಪ್ಪಿನಕಾಯಿ ಡಬ್ಬಿಗೆ ಆನಿಸಿದ ನನ್ನ ಫೋನು,
ಅದರ ಮುಂದೆ ಐದು ಜನ.
ಖಾಜಾಬಿ ಮಾತ್ರ ಬರಲಿಲ್ಲ.
ಆಕೆಯ ಮುಂದೆ ಮಾದರಿ ತಟ್ಟೆಗಳಿದ್ದವು.

ಮಂತ್ರಿಗಳು ಎದ್ದರು. ತೆಳ್ಳನೆಯ ಮನುಷ್ಯ.
ನೆಗಡಿ ಇತ್ತೇನೋ, ಎರಡು ಸಲ ಮೂಗೊರೆಸಿಕೊಂಡರು.
"ಮಾನ್ಯ ಸಭಾಧ್ಯಕ್ಷರೇ, ಅ ದಿಂದ ಈ ವರೆಗಿನ ಉತ್ತರವನ್ನು
ಸದನದ ಮೇಜಿನ ಮೇಲೆ ಇರಿಸಲಾಗಿದೆ."
ನಾನು ಕನ್ನಡದಲ್ಲಿ ಹೇಳಿದೆ. ಹಮಾಲ ಲಾಡ್ಲೇಸಾಬ ಕೇಳಿದ:
"ಆ ಮೇಜು ಎಷ್ಟು ದೊಡ್ಡದಿರಬೇಕ್ರಿ?"

ಉಪಪ್ರಶ್ನೆಗೆ ಅವರು ಸಮುದ್ರ ದಾಟಿದರು.
ಮೊಜಾಂಬಿಕ್ ಅಂದರು, ಮಿತ್ರರಾಷ್ಟ್ರ ಅಂದರು,
ಒಪ್ಪಂದ ಅಂದರು, ಬೆಲೆ ಸ್ಥಿರತೆ, ಗ್ರಾಹಕನ ತಟ್ಟೆ ಅಂದರು.
ಸುಳ್ಳು ಹೇಳಲಿಲ್ಲ, ಅದನ್ನೂ ಹೇಳಬೇಕು.
ಬೆಲೆ ನೆತ್ತಿಗೇರಿದ ವರ್ಷ ನಮ್ಮ ಮನೆಯ ಸಾರಿನಲ್ಲಿ
ಸೌಟು ಆಡಿಸಿ ಬೇಳೆ ಹುಡುಕಬೇಕಿತ್ತು.
ಆಗ ಆ ಹಡಗಿನ ದಾರಿ ನಾನೂ ಕಾದಿದ್ದೆ.

ಕೊನೆಗೆ ಬಂತು, ನಾನು ಹೊಡೆದುಹಾಕಿದ್ದ ಸಾಲು.
ಅಧಿಕಾರಿಗಳ ಗ್ಯಾಲರಿಯಿಂದ ಒಂದು ಚೀಟಿ ಇಳಿಯಿತು.
ಮಂತ್ರಿಗಳು ಕನ್ನಡಕ ಏರಿಸಿಕೊಂಡರು:
"ಮೂಲದೇಶವಾರು ಪ್ರತ್ಯೇಕ ಲೆಕ್ಕ
ಗಿರಣಿಯ ಹಂತದಲ್ಲಿ ಇಡಲಾಗುತ್ತಿಲ್ಲ."

ಅಷ್ಟೊತ್ತಿಗೆ ಖಾಜಾಬಿ
ಮೂರನೇ ತಟ್ಟೆಯ ಕಾಳೊಂದನ್ನು ಹಲ್ಲಿಗಿಟ್ಟು
ಕಟ್ ಅನ್ನಿಸಿ, ಹೇಳಿದಳು: "ಇದು ಹಡಗಿಂದು."
ಮುಂದಿನದು: "ಬರ್ಮಾದ್ದು."
ಅದರ ಮುಂದಿನದು: "ಇದು ನಮ್ಮ ಚಿಂಚೋಳಿ ಕಡೀದು.
ಎರಿ ಮಣ್ಣಿನ ಸಿಟ್ಟು ಅದ ಇದಕ್ಕ."
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.
ಎರಡು ಬಾಚಿಹಲ್ಲು ಅರ್ಧಕ್ಕರ್ಧ ಸವೆದಿವೆ.

ಹೋದ ಸಲ ಹಡಗಿನ ಚೀಲವೊಂದರ ತಳದಲ್ಲಿ
ಆಕೆಗೆ ಕೆಂಪು ಮಣಿ ಸಿಕ್ಕಿತ್ತು, ಜಡೆಗೆ ಪೋಣಿಸುವಂಥದ್ದು.
"ಅಲ್ಲೂ ಒಬ್ಬಾಕಿ ಬಗ್ಗಿ ಆರಸ್ತಾಳ, ತಗೀರಿ"
ಎಂದು ಟ್ರಂಕಿನ ಕೀಲಿಗೆ ಕಟ್ಟಿಕೊಂಡಿದ್ದಾಳೆ.
ವಿದೇಶಾಂಗ ಇಲಾಖೆಗೆ ಇದು ಗೊತ್ತಿರಲಿಕ್ಕಿಲ್ಲ.

ಲಿಖಿತ ಉತ್ತರ ಮರುದಿನ ಬಂತು, ಮೂರು ಪುಟ.
ಸಂಘದ ಬೋರ್ಡಿಗೆ ಕನ್ನಡ ಮಾಡುವವನೂ ನಾನೇ.
ಎಲ್ಲ ಮಾಡಿದೆ. 'ಈ' ಎದುರು ಒಂದೇ ಸಾಲಿತ್ತು:
ಪ್ರಶ್ನೆ ಉದ್ಭವಿಸುವುದಿಲ್ಲ.

ಖಾಜಾಬಿಗೆ ಓದಿ ಹೇಳಿದೆ.
"ಉದ್ಭವ ಅಂದ್ರ?"
"ಹುಟ್ಟೂದು."
"ಹುಟ್ಟಿದ್ದು ಇಲ್ಲೇ ಅಲ್ಲೇನ್ರಿ, ಈ ಟೇಬಲ್ ಮ್ಯಾಲ?"
ಅಂದು, ಮಾದರಿ ತಟ್ಟೆ ನನ್ನ ಮುಂದೆ ಸರಿಸಿದಳು.
ಅರವತ್ತು ನಮ್ಮದು, ನಲವತ್ತು ಹಡಗಿಂದು.
ಬೆರೆಸಿದ ಕೈ ಯಾವುದೆಂದು ಆಕೆ ಕೇಳಲಿಲ್ಲ.

ಹುಮನಾಬಾದ್ ರಸ್ತೆಯಲ್ಲಿ ಲಾರಿ ನಿಂತಿತ್ತು,
ಚೀಲದ ಮೇಲೆ ದಪ್ಪ ಅಕ್ಷರ: ಕಲಬುರಗಿ ತೊಗರಿ.
ರವಾನೆ ಚೀಟಿಯಲ್ಲಿ 'ಮೂಲ' ಎಂಬುದೊಂದು ಖಾನೆ ಇದೆ.
ಅದನ್ನು ದಿನಾ ತುಂಬುವವನು ನಾನು,
ಅದೇ ನೀಲಿ ಪೆನ್ನಿನಲ್ಲಿ.
ಇವತ್ತು ಶೀತವಿಲ್ಲದಿದ್ದರೂ ಮೂಗೊರೆಸಿಕೊಂಡೆ.
ಲಾರಿಯವ ಎರಡನೇ ಸಲ ಹಾರ್ನ್ ಹೊಡೆದ.