ತೊಗೊಂಡೀನ್ರಿ

ಜಿಲಾಂಗಿನ ಕೋರ್ಟು, ಮೂರನೇ ಕೊಠಡಿ.
ಜೂನ್ ತಿಂಗಳು, ಹೀಟರು ಕೆಟ್ಟಿದೆ.
ಕೂಡಿಸುವುದಿಲ್ಲ, ಕಳೆಯುವುದಿಲ್ಲವೆಂದು
ಪ್ರಮಾಣ ಮಾಡಿ ಕೂತಿದ್ದೇನೆ
ಸಾವಕ್ಕನ ಕಿವಿಗೆ ಹತ್ತಿರ.

ಆರೋಪ: ಒಂದು ಜೊತೆ ಉಣ್ಣೆಯ ಕಾಲುಚೀಲ,
ಬೆಲೆ ಹದಿನೆಂಟು ಡಾಲರು.
ದುಡ್ಡು ಕಟ್ಟುವ ಯಂತ್ರ ಏನೋ ಅಂದಿತು.
ಇವಳು ಕಾರ್ಡು ಮುಟ್ಟಿಸಿದಳು, ಅದು ಕುಂಯ್ ಎಂದಿತು,
ಆಯಿತೆಂದು ಹೊರಟಳು.
ಬಾಗಿಲಲ್ಲಿ, ಭುಜದ ಮೇಲೊಂದು ಕೈ.

ಆ ರಾತ್ರಿ ಠಾಣೆಯಲ್ಲಿ ಕೇಳಿದ್ದಕ್ಕೆ
"ಹೂಂ, ತೊಗೊಂಡೀನ್ರಿ" ಅಂದಿದ್ದಾಳೆ.
ಫೋನಿನಾಚೆಯ ಯಾರೋ ಅದನ್ನು
'ಎತ್ತಿಕೊಂಡೆ' ಎಂದು ದಾಟಿಸಿದ್ದಾರೆ.
ಪ್ರಾಸಿಕ್ಯೂಟರನ ಬೆರಳು ಆ ಸಾಲು ಬಿಟ್ಟು ಕದಲದು.

ಕೈ ಮಾಡಿದರೆ ಸಾಲದು, ಮನಸ್ಸೂ ಮಾಡಿರಬೇಕು
ಎನ್ನುತ್ತದೆ ಕಾನೂನು.
ನಮ್ಮ ಮಕ್ಕಳಿಗೂ ಗೊತ್ತು ಅದು;
ಗಾಜಿನ ಲೋಟ ಒಡೆದಾಗ, ಚೂರು ಆರಿಸುವ ಮೊದಲೇ,
ಬೇಕಂತ ಮಾಡಿಲ್ಲ, ಬೇಕಂತ ಮಾಡಿಲ್ಲ.

ಆದರೆ ತೊಗೊಳ್ಳುವುದು?
ಎಣಿಸಿ ಕೊಟ್ಟು ಬದನೆಕಾಯಿ ತಂದರೂ ಅದೇ ಮಾತು,
ಕಣ್ಣು ತಪ್ಪಿಸಿ ಸೆರಗಿಗೆ ಹಾಕಿಕೊಂಡರೂ ಅದೇ.

ಎದ್ದೆ. ದುಭಾಷಿಯದೊಂದು ಅರಿಕೆ, ಎಂದೆ.
ಈ ಕ್ರಿಯಾಪದಕ್ಕೆ ಎರಡು ಬಾಗಿಲು.
"ಇವರು ಬಂದದ್ದು ಯಾವುದರಿಂದ?"
ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ಕೇಳಿದರು.
ಅದು ನನ್ನ ಪ್ರಮಾಣದಲ್ಲಿಲ್ಲ, ಸ್ವಾಮಿ.

ಯಾರೂ ಮಾತಾಡಲಿಲ್ಲ. ಯಾರದೋ ಕೆಮ್ಮು.

ಸಾವಕ್ಕ ನನ್ನ ತೋಳು ಜಗ್ಗಿದಳು:
"ಡೋರ್ ಡೋರ್ ಅಂದ್ರಲ್ಲ, ಬಾಗಲಾ ಹಾಕ್ರಿ ಅಂತೇನ್ರಿ ಅಕ್ಕಾರ?
ಹಾಕ್ಲಿ ಬಿಡ್ರಿ. ಥಂಡಿ ಭಾಳ ಐತಿ."

ಕೂಡಿಸದೆ, ಕಳೆಯದೆ
ಅದನ್ನೂ ಇಂಗ್ಲಿಷಿಗೆ ದಾಟಿಸಿದೆ.